ಸಡಿಲ ಕೀಲು: ರೋಗವಲ್ಲ, ಆದರೆ ನಗಣ್ಯವೂ ಅಲ್ಲ

ಕಾಲೇಜಿನ ಕ್ಯಾಂಟೀನುಗಳಲ್ಲಿ ಬೆರಳಿನ ಆಟವೊಂದು ಆಗಾಗ ನಡೆಯುತ್ತಿರುತ್ತದೆ. ಒಬ್ಬಳು ಕಿರುಬೆರಳನ್ನು ಹಿಂದಕ್ಕೆ ಬಾಗಿಸಿ ನೆಟ್ಟಗೆ ನಿಲ್ಲಿಸುತ್ತಾಳೆ. ಇನ್ನೊಬ್ಬ ಮಣಿಕಟ್ಟನ್ನು ಮಡಚಿ ಹೆಬ್ಬೆರಳನ್ನು ಮುಂದೋಳಿಗೆ ತಾಗಿಸುತ್ತಾನೆ. ನೋಡಿದವರಲ್ಲಿ ಕೆಲವರು ಬೆರಗಾಗುತ್ತಾರೆ, ಕೆಲವರು ಮುಖ ಕಿವುಚುತ್ತಾರೆ. ಆಟ ಅಲ್ಲಿಗೆ ಮುಗಿಯುತ್ತದೆ. ಆದರೆ ವೈದ್ಯವಿಜ್ಞಾನದ ಪಾಲಿಗೆ ಇದು ಬರಿಯ ಆಟವಲ್ಲ. ಈ ಎರಡು ಚಲನೆಗಳೂ ‘ಜಾಯಿಂಟ್ ಹೈಪರ್‌ಮೊಬಿಲಿಟಿ’, ಅಂದರೆ ಕೀಲುಗಳ ಅತಿಸಡಿಲತೆಯನ್ನು ಅಳೆಯಲು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಪರೀಕ್ಷೆಯ ಭಾಗಗಳು. ತರಗತಿಯಲ್ಲಿ ಎಷ್ಟು ಮಂದಿ ಈ ಪರೀಕ್ಷೆಯಲ್ಲಿ ‘ತೇರ್ಗಡೆ’ಯಾಗುತ್ತಾರೆ ಎಂಬ ಪ್ರಶ್ನೆಗೆ ದೊರೆತಿರುವ ಉತ್ತರ ಅನೇಕರಿಗೆ ಅಚ್ಚರಿ ತರಬಹುದು.

ಈ ಪ್ರಶ್ನೆಯನ್ನು ವಿಶ್ವವಿದ್ಯಾಲಯದ ಮಟ್ಟದಲ್ಲಿ ದೊಡ್ಡ ಪ್ರಮಾಣದಲ್ಲಿ ಎತ್ತಿಕೊಂಡವರು ಇರಾಕಿನ ವೈದ್ಯರು. 1985ರಲ್ಲಿ ಪ್ರಕಟವಾದ ಅವರ ಅಧ್ಯಯನವು 20ರಿಂದ 24 ವರ್ಷದೊಳಗಿನ 1,774 ವಿದ್ಯಾರ್ಥಿಗಳನ್ನು ಪರೀಕ್ಷಿಸಿತ್ತು. ಯುವತಿಯರಲ್ಲಿ ಶೇ 38.5ರಷ್ಟು, ಯುವಕರಲ್ಲಿ ಶೇ 25.4ರಷ್ಟು ಮಂದಿಯ ಕೀಲುಗಳು ಸಾಮಾನ್ಯ ಮಿತಿಯನ್ನು ಮೀರಿ ಬಾಗುತ್ತಿದ್ದವು. ಮೂರು ದಶಕಗಳ ಬಳಿಕ, 2016ರಲ್ಲಿ, ಅಮೆರಿಕದ 267 ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆದ ಅಧ್ಯಯನದಲ್ಲಿಯೂ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಇಂಥ ಕೀಲುಗಳಿದ್ದವು. ಅವರೆಲ್ಲ ಆಸ್ಪತ್ರೆಗೆ ಬಂದ ರೋಗಿಗಳಲ್ಲ. ಪುಸ್ತಕ ಹಿಡಿದು ತರಗತಿಗೆ ಹೋಗುತ್ತಿದ್ದ, ಮೇಲ್ನೋಟಕ್ಕೆ ಆರೋಗ್ಯವಂತರಾದ ತರುಣ ತರುಣಿಯರು. ಅರವತ್ತು ಮಂದಿಯ ತರಗತಿಯಲ್ಲಿ ಹದಿನೈದು ಮಂದಿಗೆ ಇರುವ ಲಕ್ಷಣವನ್ನು ಅಪರೂಪವೆಂದು ಕರೆಯಲಾಗದು. ಹಾಗೆಂದು ಸಾಮಾನ್ಯವಾದುದೆಲ್ಲ ನಿರಪಾಯವೆಂದು ಕೈತೊಳೆದುಕೊಳ್ಳುವುದೂ ಸರಿಯಲ್ಲ. ಈ ಎರಡು ಮಾತುಗಳ ನಡುವಿನ ವಿವೇಕವೇ ನಮ್ಮ ಶಿಕ್ಷಣ ಸಂಸ್ಥೆಗಳಲ್ಲಿ ಇಂದು ಕಾಣೆಯಾಗಿದೆ.

ಎರಡು ಮೂಳೆಗಳು ಕೂಡುವೆಡೆಯಲ್ಲಿ ಅವುಗಳನ್ನು ಹಿಡಿದಿಡುವುದು ಅಸ್ಥಿರಜ್ಜುಗಳೆಂಬ ಗಟ್ಟಿ ಪಟ್ಟಿಗಳು. ಆ ಪಟ್ಟಿಗಳ ಮುಖ್ಯ ಸರಕು ಕೊಲಾಜೆನ್ ಎಂಬ ಪ್ರೋಟೀನು. ಕೀಲು ಎಷ್ಟರವರೆಗೆ ಬಾಗಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಮೂಳೆಗಳ ಆಕಾರ ಮತ್ತು ಸ್ನಾಯುಗಳ ಬಿಗಿಯ ಜೊತೆಗೆ ಈ ಪಟ್ಟಿಗಳ ಗುಣವೂ ನಿರ್ಧರಿಸುತ್ತದೆ. ಕೆಲವರಲ್ಲಿ ಇವು ಹುಟ್ಟಿನಿಂದಲೇ ಹೆಚ್ಚು ಹಿಗ್ಗುತ್ತವೆ. ಈ ಗುಣ ಮನೆತನಗಳಲ್ಲಿ ಹರಿದುಬರುವುದುಂಟು. ಅಜ್ಜಿಯ ಬೆರಳು ಬಾಗುತ್ತಿದ್ದ ಬಗೆಯಲ್ಲೇ ಮೊಮ್ಮಗಳ ಬೆರಳೂ ಬಾಗುತ್ತದೆ. ಮಕ್ಕಳಲ್ಲಿ ಸಡಿಲತೆ ಹೆಚ್ಚು, ವಯಸ್ಸಾದಂತೆ ಅದು ಕುಗ್ಗುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಯುರೋಪಿನ ಜನರಿಗಿಂತ ಏಷ್ಯಾ, ಆಫ್ರಿಕಾಗಳ ಜನರಲ್ಲಿ ಹೆಚ್ಚು. ಬಾಲ್ಯದ ಸಡಿಲತೆ ಇನ್ನೂ ಪೂರ್ತಿ ಇಳಿಯದ, ಬದುಕಿನ ಭಾರ ಆಗಲೇ ಏರತೊಡಗಿದ ಘಟ್ಟವೇ ವಿಶ್ವವಿದ್ಯಾಲಯದ ವಯಸ್ಸು.

ಅಳತೆಯ ವಿಧಾನ ಬಹಳ ಸರಳ. ದಕ್ಷಿಣ ಆಫ್ರಿಕಾದ ವೈದ್ಯ ಪೀಟರ್ ಬೇಟನ್ ಮತ್ತು ಅವರ ಸಂಗಡಿಗರು ತ್ಸ್ವಾನಾ ಸಮುದಾಯದ ಸಾವಿರಕ್ಕೂ ಹೆಚ್ಚು ಜನರ ಕೀಲುಗಳನ್ನು ಪರೀಕ್ಷಿಸಿ 1973ರಲ್ಲಿ ಪ್ರಕಟಿಸಿದ ಅಂಕಪದ್ಧತಿ ಇಂದಿಗೂ ಚಾಲ್ತಿಯಲ್ಲಿದೆ. ಎರಡು ಕಿರುಬೆರಳು, ಎರಡು ಹೆಬ್ಬೆರಳು, ಎರಡು ಮೊಣಕೈ, ಎರಡು ಮೊಣಕಾಲು: ಇವು ನಿಗದಿತ ಮಿತಿಯನ್ನು ದಾಟಿ ಬಾಗಿದರೆ ಒಂದೊಂದಕ್ಕೆ ಒಂದೊಂದು ಅಂಕ. ಮಂಡಿ ಮಡಚದೆ ಎರಡೂ ಅಂಗೈಗಳನ್ನು ನೆಲಕ್ಕೆ ಊರಿದರೆ ಇನ್ನೊಂದು. ಒಟ್ಟು ಒಂಬತ್ತು ಅಂಕ. ಎಕ್ಸ್‌ರೇ ಬೇಡ, ರಕ್ತಪರೀಕ್ಷೆ ಬೇಡ, ಖರ್ಚಂತೂ ಇಲ್ಲವೇ ಇಲ್ಲ. ಕೋನಗಳನ್ನು ಅಳೆಯುವ ಸಣ್ಣ ಉಪಕರಣವೊಂದಿದ್ದರೆ ಐದು ನಿಮಿಷ ಸಾಕು. ಅಂದಹಾಗೆ, ಈ ಪದ್ಧತಿ ರೂಪುಗೊಂಡದ್ದು ಒಂದು ಜನಸಮುದಾಯದ ಸಮೀಕ್ಷೆಗಾಗಿ. ಒಬ್ಬ ವ್ಯಕ್ತಿಯ ನೋವನ್ನು ನಿರ್ಣಯಿಸುವುದಕ್ಕಾಗಿ ಅಲ್ಲ.

ಈ ವ್ಯತ್ಯಾಸವನ್ನು ಮರೆತರೆ ಅಂಕಿಅಂಶಗಳು ದಾರಿ ತಪ್ಪಿಸುತ್ತವೆ. ಒಂಬತ್ತರಲ್ಲಿ ನಾಲ್ಕು ಅಂಕ ಬಂದರೆ ಸಡಿಲವೆನ್ನಬೇಕೋ, ಐದು ಬರಬೇಕೋ ಎಂಬುದರ ಮೇಲೆಯೇ ಶೇಕಡಾವಾರು ಏರಿಳಿಯುತ್ತದೆ. ನೈಜೀರಿಯಾದ ಯೊರುಬಾ ಜನರ ನಡುವೆ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನ ಶೇ 43ರಷ್ಟು ಮಂದಿಯನ್ನು ಸಡಿಲ ಕೀಲಿನವರೆಂದು ಗುರುತಿಸಿತ್ತು. ಅರ್ಧದಷ್ಟು ಜನರಿಗಿರುವ ಗುಣವನ್ನು ಅಸಹಜವೆನ್ನುವುದು ಹೇಗೆ? 2017ರಲ್ಲಿ ಅಂತರರಾಷ್ಟ್ರೀಯ ತಜ್ಞರು ಕೂಡಿ ಮಾನದಂಡಗಳನ್ನು ಪರಿಷ್ಕರಿಸಿದರು. ಪ್ರೌಢಾವಸ್ಥೆಗೆ ಬರದ ಮಕ್ಕಳಿಗೆ ಆರು, ಅಲ್ಲಿಂದ ಐವತ್ತು ವರ್ಷದವರೆಗೆ ಐದು, ಅದನ್ನು ದಾಟಿದವರಿಗೆ ನಾಲ್ಕು ಎಂದು ವಯಸ್ಸಿಗೆ ತಕ್ಕಂತೆ ಗೆರೆ ಎಳೆದರು. ಅಂಕವೊಂದೇ ರೋಗವಾಗದು, ನೋವು ಮುಂತಾದ ಇತರ ಲಕ್ಷಣಗಳೂ ಸೇರಬೇಕು ಎಂಬುದನ್ನೂ ಸ್ಪಷ್ಟಪಡಿಸಿದರು.

ಭಾರತಕ್ಕೆ ಈ ಚರ್ಚೆ ದೂರದ ಮಾತಲ್ಲ. ಮುಂಬೈಯ ಮಕ್ಕಳ ವೈದ್ಯರು 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಪರೀಕ್ಷೆಗೊಳಗಾದ ಆರೋಗ್ಯವಂತ ಮಕ್ಕಳು ಮತ್ತು ಹದಿಹರೆಯದವರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಸಡಿಲ ಕೀಲುಗಳಿದ್ದವು. ಮಕ್ಕಳ ಸಂಖ್ಯೆಯನ್ನು ಹಾಗೆಯೇ ಕಾಲೇಜಿಗೆ ಅನ್ವಯಿಸಲಾಗದು, ನಿಜ. ಆದರೆ ಯುರೋಪಿನವರ ದೇಹವನ್ನು ಆಧರಿಸಿ ಬರೆದ ಪಠ್ಯಪುಸ್ತಕಗಳ ಅಂದಾಜು ನಮ್ಮ ತರಗತಿಗಳಿಗೆ ಹೊಂದಲಾರದು ಎಂಬುದಕ್ಕೆ ಇಷ್ಟು ಸಾಕು.

ಸಡಿಲ ಕೀಲು ಶಾಪವೂ ಅಲ್ಲ. ಅಮೆರಿಕದ ರಾಚೆಸ್ಟರಿನಲ್ಲಿ 660 ಸಂಗೀತಗಾರರನ್ನು ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಬಹಳ ಚೆನ್ನಾಗಿ ತೋರಿಸಿತು. ಪಿಟೀಲು, ಕೊಳಲು, ಪಿಯಾನೊ ನುಡಿಸುವವರಿಗೆ ಕೈಯ ಸಡಿಲತೆ ವರವಾಗಿತ್ತು. ಮಣಿಕಟ್ಟು ಸಡಿಲವಿದ್ದವರಲ್ಲಿ ಶೇ 5ರಷ್ಟು ಮಂದಿಗೆ ಮಾತ್ರ ಅಲ್ಲಿ ನೋವು ಅಥವಾ ಬಿಗಿತ ಇದ್ದರೆ, ಉಳಿದವರಲ್ಲಿ ಅದು ಶೇ 18ರಷ್ಟಿತ್ತು. ಆದರೆ ಬೆನ್ನಿನ ವಿಷಯದಲ್ಲಿ ಲೆಕ್ಕ ತಿರುಗುಮುರುಗಾಯಿತು. ಬೆನ್ನು ಸಡಿಲವಿದ್ದವರಲ್ಲಿ ಶೇ 23ರಷ್ಟು ಮಂದಿ ಬೆನ್ನಿನ ತೊಂದರೆ ಹೇಳಿಕೊಂಡರೆ, ಉಳಿದವರಲ್ಲಿ ಅದು ಶೇ 11 ಮಾತ್ರ. ಚುರುಕಾಗಿ ಚಲಿಸಬೇಕಾದ ಕೀಲು ಸಡಿಲವಿದ್ದರೆ ಅನುಕೂಲ, ಸ್ಥಿರವಾಗಿ ನಿಂತು ಭಾರ ಹೊರಬೇಕಾದ ಕೀಲು ಸಡಿಲವಿದ್ದರೆ ಕಷ್ಟ. ಒಂದೇ ದೇಹದಲ್ಲಿ ಲಾಭವೂ ನಷ್ಟವೂ ಒಟ್ಟಿಗಿರಬಲ್ಲವು.

ಕ್ರಿಕೆಟ್ ಪ್ರೇಮಿಗಳಿಗೆ ಇನ್ನೊಂದು ಪ್ರಸಂಗ ನೆನಪಿರಬಹುದು. ಪಾಕಿಸ್ತಾನದ ವೇಗಿ ಶೋಯಬ್ ಅಖ್ತರ್ ಚೆಂಡನ್ನು ಎಸೆಯುತ್ತಾರೆಂಬ ಆರೋಪ ಪದೇ ಪದೇ ಕೇಳಿಬಂದಾಗ, ವೆಸ್ಟರ್ನ್ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದ ತಜ್ಞರು ಅವರ ಬೌಲಿಂಗನ್ನು ಅಳೆದು ನೋಡಿದರು. ಹುಟ್ಟಿನಿಂದಲೇ ಬಂದ ಅಸಾಮಾನ್ಯ ಸಡಿಲ ಕೀಲುಗಳಿಂದಾಗಿ ಅವರ ಮೊಣಕೈ ಹಿಂದಕ್ಕೆ ಬಾಗುತ್ತದೆ, ಹೀಗಾಗಿ ನೋಡುವವರಿಗೆ ಎಸೆದಂತೆ ಕಾಣುತ್ತದೆ ಎಂಬ ವಿವರಣೆ 2001ರಲ್ಲಿ ಹೊರಬಿತ್ತು. ಬರಿಗಣ್ಣು ತಪ್ಪೆಂದು ತೀರ್ಮಾನಿಸಿದ್ದನ್ನು ಅಳತೆ ದೇಹದ ಗುಣವೆಂದು ತೋರಿಸಿಕೊಟ್ಟಿತು. ಕ್ರೀಡಾಂಗಣದಲ್ಲಿ ಕೋಟ್ಯಂತರ ಜನರ ಕಣ್ಣೆದುರಿಗಿದ್ದ ಆಟಗಾರನಿಗೆ ದೊರೆತ ಈ ನ್ಯಾಯ, ತರಗತಿಯ ಹಿಂದಿನ ಬೆಂಚಿನಲ್ಲಿ ಕೈನೋವಿನಿಂದ ಪೆನ್ನು ಕೆಳಗಿಡುವ ಹುಡುಗಿಗೆ ದೊರೆಯುತ್ತದೆಯೇ?

ಅಂಥ ವಿದ್ಯಾರ್ಥಿಗಳು ಇದ್ದಾರೆ ಎಂಬುದರಲ್ಲಿ ಎರಡು ಮಾತಿಲ್ಲ. ಇಂಗ್ಲೆಂಡಿನಲ್ಲಿ ಸಾವಿರಾರು ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸುತ್ತ ಬಂದಿರುವ ಏವನ್ ಅಧ್ಯಯನದ 2013ರ ವರದಿಯ ಪ್ರಕಾರ, ಹದಿನಾಲ್ಕನೆಯ ವಯಸ್ಸಿನಲ್ಲಿ ಕೀಲುಗಳು ಅತಿಸಡಿಲವಾಗಿದ್ದವರಿಗೆ ಹದಿನೆಂಟರ ಹೊತ್ತಿಗೆ ಭುಜ, ಮೊಣಕಾಲು, ಪಾದಗಳಲ್ಲಿ ನೋವು ಕಾಣಿಸಿಕೊಳ್ಳುವ ಸಾಧ್ಯತೆ ಉಳಿದವರಿಗಿಂತ ಹೆಚ್ಚುಕಡಿಮೆ ಇಮ್ಮಡಿ. ದೇಹತೂಕ ವಿಪರೀತವಾಗಿದ್ದರೆ ಮೊಣಕಾಲಿನ ನೋವಿನ ಅಪಾಯ ಇನ್ನೂ ಬಹುಪಾಲು ಹೆಚ್ಚು. ಹದಿನೆಂಟು ಎಂದರೆ ಪದವಿ ತರಗತಿಗೆ ಕಾಲಿಡುವ ವಯಸ್ಸು. ಹೆಚ್ಚಿನವರಿಗೆ ಜೀವನಪೂರ್ತಿ ಯಾವ ತೊಂದರೆಯೂ ಆಗದು. ಆದರೆ ಒಂದು ಪಾಲಿನವರಿಗೆ ಕಾಲು ಮತ್ತೆ ಮತ್ತೆ ಉಳುಕುತ್ತದೆ, ಭುಜದ ಕೀಲು ತಪ್ಪುತ್ತದೆ, ಒಂದು ಗಂಟೆ ಕುಳಿತರೆ ಬೆನ್ನು ಸೋಲುತ್ತದೆ, ಅರ್ಧ ಗಂಟೆ ಬರೆದರೆ ಹೆಬ್ಬೆರಳ ಬುಡ ಕಿತ್ತುಬರುತ್ತದೆ. ಕೀಲನ್ನು ಅಸ್ಥಿರಜ್ಜು ಹಿಡಿದಿಡದಿದ್ದಾಗ ಆ ಕೆಲಸವನ್ನೂ ಸ್ನಾಯುಗಳೇ ಮಾಡಬೇಕಾಗುವುದರಿಂದ ಬೇಗನೆ ದಣಿವಾಗುತ್ತದೆ. ಕೆಲವರಿಗೆ ಎದ್ದು ನಿಂತೊಡನೆ ಎದೆಬಡಿತ ಏರಿ ತಲೆ ಸುತ್ತುವುದೂ ಉಂಟು.

ಇವರ ದೊಡ್ಡ ಸಂಕಟವೆಂದರೆ ನೋವಿಗೆ ಪುರಾವೆ ಇಲ್ಲದಿರುವುದು. ಎಕ್ಸ್‌ರೇಯಲ್ಲಿ ಮೂಳೆ ಸರಿಯಾಗಿರುತ್ತದೆ. ರಕ್ತಪರೀಕ್ಷೆಯಲ್ಲಿ ವಾತದ ಸುಳಿವಿರುವುದಿಲ್ಲ. ನಿನ್ನೆ ಮೆಟ್ಟಿಲು ಹತ್ತಿದವಳು ಇಂದು ಹತ್ತಲಾರೆ ಎಂದರೆ ನಂಬುವವರಾರು? ಸೋಮಾರಿತನ, ನಾಟಕ, ಪರೀಕ್ಷೆಯ ಭಯ ಎಂಬ ಹಣೆಪಟ್ಟಿಗಳು ಸಿದ್ಧವಾಗಿರುತ್ತವೆ. ಮನೆಯಲ್ಲಿ ‘ಈ ವಯಸ್ಸಿಗೇ ಕೀಲುನೋವೇ, ನಾವೆಲ್ಲ ನಿನ್ನ ವಯಸ್ಸಿನಲ್ಲಿ ಮೈಲಿಗಟ್ಟಲೆ ನಡೆಯುತ್ತಿದ್ದೆವು’ ಎಂಬ ಮಾತು. ಹೆಣ್ಣುಮಕ್ಕಳಿಗೆ ಈ ಅಪನಂಬಿಕೆಯ ಪೆಟ್ಟು ಇಮ್ಮಡಿಯಾಗಿ ಬೀಳುತ್ತದೆ. ವೇಲ್ಸ್ ಪ್ರಾಂತ್ಯದ ವೈದ್ಯಕೀಯ ದಾಖಲೆಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಡಿಲ ಕೀಲಿಗೆ ಸಂಬಂಧಿಸಿದ ರೋಗಗಳು ಪತ್ತೆಯಾದವರಲ್ಲಿ ಸುಮಾರು ಶೇ 70ರಷ್ಟು ಮಂದಿ ಮಹಿಳೆಯರು. ಆದರೂ ಪುರುಷರಿಗೆ ಹೋಲಿಸಿದರೆ ಅವರಿಗೆ ರೋಗನಿರ್ಣಯವಾದ ವಯಸ್ಸು ಸರಾಸರಿ ಎಂಟೂವರೆ ವರ್ಷ ತಡ. ಎಂಟೂವರೆ ವರ್ಷವೆಂದರೆ ಪಿಯುಸಿಯಿಂದ ಡಾಕ್ಟರೇಟ್ ಮುಗಿಸುವಷ್ಟು ಕಾಲ.

ಮನಸ್ಸಿನ ಮಾತು ಬಂದಾಗ ಇನ್ನಷ್ಟು ಎಚ್ಚರ ಬೇಕು. ಬಾರ್ಸಿಲೋನಾದ ಮನೋವೈದ್ಯ ಆಂಟೋನಿ ಬುಲ್ಬೆನಾ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಡಿಲ ಕೀಲಿನ ರೋಗಿಗಳಲ್ಲಿ ಆತಂಕ ಮತ್ತು ಹಠಾತ್ ಭೀತಿಯ ತೊಂದರೆಗಳು ಹೋಲಿಕೆಯ ಗುಂಪಿಗಿಂತ ಬಹಳ ಹೆಚ್ಚಾಗಿದ್ದವು. ಬಳಿಕ ನಡೆದ ಸಂಶೋಧನೆಗಳೂ ಈ ನಂಟನ್ನು ಎತ್ತಿಹಿಡಿದಿವೆ. ಇದನ್ನು ‘ಎಲ್ಲವೂ ಮನಸ್ಸಿನ ಭ್ರಮೆ’ ಎಂದು ಓದಿದರೆ ಅನ್ಯಾಯವಾಗುತ್ತದೆ. ಆತಂಕವೂ ಕೀಲಿನ ಸಡಿಲತೆಯೂ ಒಂದೇ ದೇಹಪ್ರಕೃತಿಯ ಎರಡು ಮುಖಗಳಾಗಿರಬಹುದು ಎಂಬುದು ಅದರ ಸರಿಯಾದ ಓದು. ಕಾಲೇಜಿನ ಆಪ್ತಸಮಾಲೋಚಕರ ಮುಂದೆ ಕುಳಿತ ವಿದ್ಯಾರ್ಥಿಗೆ ಕೀಲುನೋವಿದೆಯೇ ಎಂದು ಕೇಳುವುದೂ, ಕೀಲುನೋವೆಂದು ಬಂದವರಿಗೆ ನಿದ್ರೆ ಬರುತ್ತಿದೆಯೇ ಎಂದು ವೈದ್ಯರು ವಿಚಾರಿಸುವುದೂ ಈ ಕಾರಣಕ್ಕಾಗಿ ಅಗತ್ಯ.

ವಿರಳವಾದರೂ ಪ್ರಾಣಾಂತಿಕವಾದ ಇನ್ನೊಂದು ಸಾಧ್ಯತೆಯನ್ನೂ ಮರೆಯುವಂತಿಲ್ಲ. ಮಾರ್ಫನ್ ಸಿಂಡ್ರೋಮ್ ಮತ್ತು ಎಹ್ಲರ್ಸ್-ಡ್ಯಾನ್ಲಾಸ್ ಕಾಯಿಲೆಯ ಕೆಲವು ಬಗೆಗಳಲ್ಲಿ ಸಡಿಲ ಕೀಲು ಒಂದು ಹೊರಲಕ್ಷಣ ಮಾತ್ರ. ಒಳಗೆ ರಕ್ತನಾಳಗಳೂ ದುರ್ಬಲವಾಗಿರುತ್ತವೆ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ಅಮೆರಿಕದ ವಾಲಿಬಾಲ್ ತಂಡದ ತಾರೆ ಫ್ಲೋ ಹೈಮನ್ 1986ರಲ್ಲಿ ಜಪಾನಿನಲ್ಲಿ ಪಂದ್ಯದ ನಡುವೆಯೇ ಕುಸಿದು ಮೃತಪಟ್ಟರು. ಆರಡಿ ಐದು ಅಂಗುಲ ಎತ್ತರದ ಆ ಆಟಗಾರ್ತಿಗೆ ಮಾರ್ಫನ್ ಇದ್ದುದು, ಅದರಿಂದ ಮಹಾಪಧಮನಿ ಹರಿದದ್ದು ತಿಳಿದದ್ದು ಮರಣೋತ್ತರ ಪರೀಕ್ಷೆಯಲ್ಲಿ. ಆಮೇಲೆ ಅವರ ಸಹೋದರನನ್ನು ಪರೀಕ್ಷಿಸಿದಾಗ ಅವರಲ್ಲಿಯೂ ಅದೇ ದೋಷ ಪತ್ತೆಯಾಗಿ, ಶಸ್ತ್ರಚಿಕಿತ್ಸೆ ನಡೆಯಿತು. ಎತ್ತರ, ಉದ್ದ ಬೆರಳು, ಸಡಿಲ ಕೀಲುಗಳ ವಿದ್ಯಾರ್ಥಿಯನ್ನು ನೇರವಾಗಿ ಬಾಸ್ಕೆಟ್‌ಬಾಲ್ ತಂಡಕ್ಕೆ ಸೇರಿಸುವ ಮುನ್ನ ಒಮ್ಮೆ ಹೃದಯ ಪರೀಕ್ಷೆ ಮಾಡಿಸುವುದು ಅತಿಯಾದ ಎಚ್ಚರವಲ್ಲ.

ಹಾಗೆಂದು ಎದುರು ಬದಿಯ ತಪ್ಪಿಗೂ ಬೀಳಬಾರದು. ಅಂತರ್ಜಾಲದಲ್ಲಿ ಎರಡು ಪುಟ ಓದಿ ತಮಗೆ ಅಪರೂಪದ ಕಾಯಿಲೆಯಿದೆ ಎಂದು ನಿರ್ಧರಿಸಿಬಿಡುವ ತರುಣರೂ ಇದ್ದಾರೆ. ಎಹ್ಲರ್ಸ್-ಡ್ಯಾನ್ಲಾಸ್ ಕಾಯಿಲೆಯ ಹದಿಮೂರು ಬಗೆಗಳನ್ನು 2017ರ ವರ್ಗೀಕರಣ ಗುರುತಿಸಿತು. ಅವುಗಳಲ್ಲಿ ಅತ್ಯಂತ ಸಾಮಾನ್ಯವಾದ ಹೈಪರ್‌ಮೊಬೈಲ್ ಬಗೆಗೆ ಖಚಿತವಾದ ಜೀನು ಇನ್ನೂ ಪತ್ತೆಯಾಗಿಲ್ಲ. ಆದ್ದರಿಂದ ಅದನ್ನು ದೃಢಪಡಿಸುವ ಜೀನ್ ಪರೀಕ್ಷೆಯೂ ಇಲ್ಲ. ದುಬಾರಿ ಪ್ಯಾಕೇಜುಗಳ ಬೆನ್ನು ಹತ್ತಿದವರಿಗೆ ಗುಡ್ಡ ಅಗೆದು ಇಲಿ ಹಿಡಿದ ಅನುಭವವಾಗುತ್ತದೆ. ತರಗತಿಯ ಕಾಲುಭಾಗವನ್ನು ರೋಗಿಗಳೆಂದು ಘೋಷಿಸುವುದು, ಅವರನ್ನು ಆಟದ ಮೈದಾನದಿಂದ ಹೊರಗಿಡುವುದು ಅಪಾಯಕಾರಿ. ಏಕೆಂದರೆ ಸಡಿಲ ಕೀಲಿಗೆ ಇರುವ ಮುಖ್ಯ ಚಿಕಿತ್ಸೆಯೇ ವ್ಯಾಯಾಮ. ಅಸ್ಥಿರಜ್ಜುವನ್ನು ಬಿಗಿಗೊಳಿಸುವ ಔಷಧವಿಲ್ಲ. ಕೀಲಿನ ಸುತ್ತಲಿನ ಸ್ನಾಯುಗಳನ್ನು ಹಂತಹಂತವಾಗಿ ಬಲಪಡಿಸುವುದು, ಸಮತೋಲನವನ್ನು ರೂಢಿಸುವುದು, ಕೀಲನ್ನು ಅದರ ಮಿತಿಯೊಳಗೆ ಬಳಸಲು ಕಲಿಯುವುದು ಮಾತ್ರ ದಾರಿ.

ಇಲ್ಲಿಯೇ ನಮ್ಮ ಕಾಲೇಜುಗಳು ಮಾಡಬಹುದಾದ ಕೆಲಸ ಇರುವುದು. ದೈಹಿಕ ಶಿಕ್ಷಣ ನಿರ್ದೇಶಕರಿಗೆ, ಯೋಗ ಮತ್ತು ನೃತ್ಯ ಕಲಿಸುವವರಿಗೆ ಈ ಐದು ನಿಮಿಷದ ಪರೀಕ್ಷೆಯನ್ನು ಪರಿಚಯಿಸುವುದು ಮೊದಲ ಹೆಜ್ಜೆ. ಯೋಗ ತರಗತಿಯಲ್ಲಿ ಮೈ ಬಳ್ಳಿಯಂತೆ ಬಳುಕುವ ಹುಡುಗಿಯನ್ನು ವೇದಿಕೆಗೆ ಕರೆದು ಇನ್ನಷ್ಟು ಬಾಗಿಸಿ ಚಪ್ಪಾಳೆ ಗಿಟ್ಟಿಸುವುದು ನಮ್ಮಲ್ಲಿ ವಾಡಿಕೆ. ವಾಸ್ತವದಲ್ಲಿ ಅವಳಿಗೆ ಬೇಕಾದದ್ದು ಇನ್ನಷ್ಟು ಬಾಗುವ ಅಭ್ಯಾಸವಲ್ಲ, ಎಲ್ಲಿ ನಿಲ್ಲಬೇಕೆಂಬ ಶಿಕ್ಷಣ. ಸ್ಥಿರತೆಯೂ ಸುಖವೂ ಇದ್ದರೆ ಮಾತ್ರ ಆಸನ ಎಂಬ ಯೋಗಶಾಸ್ತ್ರದ ತಿಳಿವಳಿಕೆ ಇವರಿಗೆ ಉಳಿದೆಲ್ಲರಿಗಿಂತ ಹೆಚ್ಚು ಅನ್ವಯಿಸುತ್ತದೆ. ರಾಜ್ಯದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಅನೇಕ ಫಿಸಿಯೋಥೆರಪಿ ಕಾಲೇಜುಗಳಿವೆ. ಅವುಗಳ ವಿದ್ಯಾರ್ಥಿಗಳು ನೆರೆಯ ಪದವಿ ಕಾಲೇಜುಗಳಿಗೆ ಹೋಗಿ, ಇಚ್ಛೆಯುಳ್ಳವರನ್ನು ಪರೀಕ್ಷಿಸಿ, ಸರಳ ವ್ಯಾಯಾಮ ಹೇಳಿಕೊಡುವ ಏರ್ಪಾಡಿಗೆ ಹೆಚ್ಚಿನ ಹಣವೇನೂ ಬೇಕಾಗದು. ನಮ್ಮದೇ ತರುಣರ ಬಗ್ಗೆ ನಮ್ಮದೇ ಅಂಕಿಅಂಶಗಳೂ ಇದರಿಂದ ಕೈಸೇರುತ್ತವೆ.

ಎರಡನೆಯದು ಪರೀಕ್ಷೆಗೆ ಸಂಬಂಧಿಸಿದ್ದು. ಎರಡು ಮೂರು ಗಂಟೆ ಎಡೆಬಿಡದೆ ಬರೆಯಬೇಕಾದ ನಮ್ಮ ಪದ್ಧತಿಯಲ್ಲಿ ಕೈಯ ಕೀಲುಗಳು ಸೋತವರ ಜ್ಞಾನವೂ ಸೋಲುತ್ತದೆ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ನಾಗರಿಕ ಸೇವಾ ಪರೀಕ್ಷಾರ್ಥಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ ಮಹತ್ವದ ತೀರ್ಪು ನೀಡಿತು. ಶೇ 40ರಷ್ಟು ಅಂಗವೈಕಲ್ಯವಿದ್ದರೆ ಮಾತ್ರ ಲಿಪಿಕಾರರ ನೆರವು ಎಂಬ ಷರತ್ತು ಸಲ್ಲದು, ವ್ಯಕ್ತಿಯ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡುವುದು ಹಕ್ಕಿನ ಪ್ರಶ್ನೆ ಎಂದು ಅದು ಹೇಳಿತು. ಇದರ ಬೆನ್ನಲ್ಲೇ 2022ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರವು, ಶೇ 40ಕ್ಕಿಂತ ಕಡಿಮೆ ವೈಕಲ್ಯವಿದ್ದು ಬರೆಯಲು ಕಷ್ಟಪಡುವವರಿಗಾಗಿ ಮಾರ್ಗಸೂಚಿ ಹೊರಡಿಸಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಸಡಿಲ ಕೀಲಿನ ಹೆಸರಿಲ್ಲ. ಪ್ರತಿಯೊಂದು ಸಡಿಲ ಹೆಬ್ಬೆರಳಿಗೂ ಹೆಚ್ಚುವರಿ ಸಮಯ ಕೊಡಬೇಕೆಂದು ಯಾರೂ ವಾದಿಸಲಾರರು. ಆದರೆ ತಜ್ಞರ ಪ್ರಮಾಣಪತ್ರವಿರುವ ಅರ್ಹರಿಗೆ ಹತ್ತು ನಿಮಿಷದ ವಿರಾಮ, ದಪ್ಪ ಹಿಡಿಕೆಯ ಪೆನ್ನು, ಅಗತ್ಯವಿದ್ದಲ್ಲಿ ಕಂಪ್ಯೂಟರಿನಲ್ಲಿ ಉತ್ತರಿಸುವ ಅವಕಾಶ ಕೊಡಲು ವಿಶ್ವವಿದ್ಯಾಲಯಗಳು ಕಾಯ್ದೆಯ ತಿದ್ದುಪಡಿಗಾಗಿ ಕಾಯಬೇಕಿಲ್ಲ. ತೀರ್ಪಿನ ಆಶಯವನ್ನು ಅರಿತರೆ ಸಾಕು.

ಅಂಕಿಅಂಶಗಳ ಪ್ರಯೋಜನ ಭಯ ಹುಟ್ಟಿಸುವುದಲ್ಲ, ಕೇಳಿಸಿಕೊಳ್ಳುವ ರೀತಿಯನ್ನು ಬದಲಿಸುವುದು. ನಾಲ್ವರಲ್ಲಿ ಒಬ್ಬರ ಕೀಲು ಸಡಿಲ ಎಂದು ತಿಳಿದ ಅಧ್ಯಾಪಕರು, ನೋವೆಂದು ಬಂದ ವಿದ್ಯಾರ್ಥಿಯನ್ನು ಅನುಮಾನದಿಂದ ನೋಡುವ ಮೊದಲು ಒಂದು ಪ್ರಶ್ನೆ ಕೇಳಬಲ್ಲರು. ಅದೇ ಸಂಗತಿ ತಿಳಿದ ವೈದ್ಯರು, ಎಕ್ಸ್‌ರೇ ಸರಿಯಿದೆಯೆಂದು ಕಳುಹಿಸಿಬಿಡುವ ಮೊದಲು ಕಿರುಬೆರಳನ್ನೊಮ್ಮೆ ಬಾಗಿಸಿ ನೋಡಬಲ್ಲರು. ವಿದ್ಯಾರ್ಥಿಯೂ ತನ್ನದು ವಿಚಿತ್ರ ದೇಹವಲ್ಲ, ತರಗತಿಯಲ್ಲಿ ತನ್ನಂಥವರು ಇನ್ನೂ ಹತ್ತಾರು ಮಂದಿ ಇದ್ದಾರೆ ಎಂಬ ಸಮಾಧಾನ ಪಡೆಯಬಲ್ಲ. ಇಷ್ಟಕ್ಕೆಲ್ಲ ಬೇಕಾಗುವುದು ಐದು ನಿಮಿಷ, ಮತ್ತು ಎದುರಿಗಿರುವವರ ಮಾತನ್ನು ನಂಬುವ ಮನಸ್ಸು. ಮೊದಲನೆಯದನ್ನು ಯಾವ ಕಾಲೇಜಾದರೂ ಹೊಂದಿಸಿಕೊಳ್ಳಬಹುದು. ಎರಡನೆಯದನ್ನು ರೂಢಿಸಿಕೊಳ್ಳುವುದೇ ನಿಜವಾದ ಕೆಲಸ.